ಡ್ಯೂಕ್ ಲಕ್ರಾಸ್ ಪ್ರಕರಣದಲ್ಲಿ ಅಧ್ಯಾಪಕರ ಪಾತ್ರ

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಡರ್ಹಮ್ ನಗರದಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ತಂಡದ ಮೂವರು ಆಟಗಾರರ ಮೇಲೆ 2006ರಲ್ಲಿ ಅತ್ಯಾಚಾರದ ಆರೋಪ ಹೊರಿಸಲಾಯಿತು. ಅವರು ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ, ಅಲ್ಲಿಯವರೆಗೆ ಕಾನೂನು ಯಾವುದೇ ಆರೋಪಿಗೆ ಕೊಡುವ ರಕ್ಷಣೆ ಇವರಿಗೂ ಸಿಗಲಿ ಎಂದು ಅದೇ ವಿಶ್ವವಿದ್ಯಾಲಯದ ಕೆಲವು ಅಧ್ಯಾಪಕರು ಬಹಿರಂಗವಾಗಿ ಕೇಳಿದರು. ಕಾನೂನು ಪ್ರಾಧ್ಯಾಪಕ ಜೇಮ್ಸ್ ಕೋಲ್ಮನ್, ರಸಾಯನಶಾಸ್ತ್ರದ ಸ್ಟೀವನ್ ಬಾಲ್ಡ್‌ವಿನ್ ಮತ್ತು ಅರ್ಥಶಾಸ್ತ್ರ ವಿಭಾಗದ 17 ಪ್ರಾಧ್ಯಾಪಕರು ಇವರಲ್ಲಿ ಮುಖ್ಯರು. ಇವರ ಸಂಖ್ಯೆ ಕಡಿಮೆ, ಹೆಚ್ಚಿನವರು ದನಿಯೆತ್ತಿದ್ದೂ ತಡವಾಗಿ. ಆರೋಪಕ್ಕೆ ಸಿಕ್ಕಿಬಿದ್ದ ವಿದ್ಯಾರ್ಥಿಯ ವಿಷಯದಲ್ಲಿ ಗುರುವಿನ ಹೊಣೆ ಏನು ಎಂಬ ಪ್ರಶ್ನೆ ಇಷ್ಟು ತೀಕ್ಷ್ಣವಾಗಿ ಎದ್ದ ಪ್ರಕರಣಗಳು ಕಡಿಮೆ.

ಹಿನ್ನೆಲೆ

ಲಕ್ರಾಸ್ ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದ, ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಆಟ. ಅಮೆರಿಕದ ಪೂರ್ವ ಕರಾವಳಿಯ ಸಿರಿವಂತ ಶಾಲೆಗಳಲ್ಲಿ ಅದಕ್ಕೆ ದೊಡ್ಡ ಪ್ರತಿಷ್ಠೆಯಿದೆ. 2006ರ ಮಾರ್ಚ್ 13ರ ರಾತ್ರಿ ಡ್ಯೂಕ್ ತಂಡದ ಆಟಗಾರರು ಆವರಣದ ಹೊರಗಿನ ಬಾಡಿಗೆ ಮನೆಯೊಂದರಲ್ಲಿ ಪಾರ್ಟಿ ಮಾಡಿ, ಹಣ ಕೊಟ್ಟು ಇಬ್ಬರು ನರ್ತಕಿಯರನ್ನು ಕರೆಸಿದ್ದರು. ಅವರಲ್ಲಿ ಒಬ್ಬಳು ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ದೂರು ಕೊಟ್ಟಳು. ಆಕೆ ಕಪ್ಪು ಮಹಿಳೆ, ಅದೇ ಊರಿನ ನಾರ್ತ್ ಕ್ಯಾರೊಲೈನಾ ಸೆಂಟ್ರಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. 47 ಜನರ ಲಕ್ರಾಸ್ ತಂಡದಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬಿಳಿಯರು.

ಡರ್ಹಮ್ ತಂಬಾಕಿನಿಂದ ಬೆಳೆದ ಊರು. ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಕುಟುಂಬದ ಸಂಪತ್ತೂ ತಂಬಾಕಿನಿಂದಲೇ ಬಂದದ್ದು. ಪದವಿ ತರಗತಿಗಳಿಗೆ ಕಪ್ಪು ವಿದ್ಯಾರ್ಥಿಗಳನ್ನು ಅದು ಮೊದಲ ಬಾರಿಗೆ ಸೇರಿಸಿಕೊಂಡದ್ದು 1963ರಲ್ಲಿ. ಹಾಗಾಗಿ ಈ ದೂರು ಕಿವಿಗೆ ಬಿದ್ದೊಡನೆ ಊರಿನ ಹಳೆಯ ಗಾಯಗಳೆಲ್ಲ ಒಟ್ಟಿಗೆ ಕೆದರಿದವು. ಆಟಗಾರರ ಮನೆಯ ಮುಂದೆ ಪ್ರತಿಭಟನಕಾರರು ಪಾತ್ರೆ ಬಡಿದರು. ಪೊಲೀಸರಿಗೆ ಬೇಕಾದವರ ಭಿತ್ತಿಚಿತ್ರದಂತೆ ಆಟಗಾರರ ಫೋಟೋಗಳನ್ನು ಜೋಡಿಸಿದ ಪೋಸ್ಟರ್‌ಗಳು ಕ್ಯಾಂಪಸ್‌ನಲ್ಲಿ ಹರಿದಾಡಿದವು. ಆಗಿನ್ನೂ ಯಾರ ಮೇಲೂ ದೋಷಾರೋಪ ದಾಖಲಾಗಿರಲಿಲ್ಲ.

ಪ್ರಕರಣದ ಅಭಿಯೋಜಕರಾದ ಡರ್ಹಮ್ ಕೌಂಟಿಯ ಜಿಲ್ಲಾ ಅಟಾರ್ನಿ ಮೈಕ್ ನೈಫಾಂಗ್ ಆಗ ಚುನಾವಣೆಯ ಕಣದಲ್ಲಿದ್ದರು. ಪಕ್ಷದೊಳಗಿನ ಪ್ರಾಥಮಿಕ ಮತದಾನ ಮೇ 2ಕ್ಕೆ ನಿಗದಿಯಾಗಿತ್ತು. ಅತ್ಯಾಚಾರ ನಡೆದದ್ದು ಖಚಿತವೆಂದು ಅವರು ಪತ್ರಿಕೆ, ಟಿವಿಗಳಿಗೆ ಮತ್ತೆ ಮತ್ತೆ ಸಂದರ್ಶನ ಕೊಟ್ಟರು. ತಂಡದ 46 ಆಟಗಾರರು ಡಿಎನ್‌ಎ ಮಾದರಿ ಕೊಟ್ಟರು, ದೂರುದಾರಳ ದೇಹದಲ್ಲಿ ಸಿಕ್ಕ ಮಾದರಿಗೆ ಯಾರದೂ ಹೊಂದಲಿಲ್ಲ. ಆದರೂ ಏಪ್ರಿಲ್‌ನಲ್ಲಿ ಇಬ್ಬರ ಮೇಲೆ, ಮೇ ತಿಂಗಳಲ್ಲಿ ಮೂರನೆಯವನ ಮೇಲೆ ದೋಷಾರೋಪ ಬಂತು. ಮೂರನೆಯವನು ಹಿಂದಿನ ದಿನವಷ್ಟೇ ಪದವಿ ಪಡೆದಿದ್ದ. ಮೊದಲ ಇಬ್ಬರನ್ನು ವಿಶ್ವವಿದ್ಯಾಲಯ ಅಮಾನತಿನಲ್ಲಿಟ್ಟಿತು. ತರಬೇತುದಾರ ಮೈಕ್ ಪ್ರೆಸ್ಲರ್ ಹುದ್ದೆ ಬಿಡಬೇಕಾಯಿತು. ಆ ವರ್ಷದ ಉಳಿದ ಪಂದ್ಯಗಳೆಲ್ಲ ರದ್ದಾದವು.

88 ಮಂದಿಯ ಜಾಹೀರಾತು

ಏಪ್ರಿಲ್ 6ರಂದು ವಿದ್ಯಾರ್ಥಿ ದಿನಪತ್ರಿಕೆ ‘ದಿ ಕ್ರಾನಿಕಲ್’ನಲ್ಲಿ 88 ಅಧ್ಯಾಪಕರ ಹೆಸರಿದ್ದ ಪೂರ್ಣಪುಟದ ಜಾಹೀರಾತು ಬಂತು. ಸಾಮಾಜಿಕ ದುರಂತವೊಂದರ ಸದ್ದು ಹೇಗಿರುತ್ತದೆ ಎಂಬುದು ಅದರ ತಲೆಬರಹದ ಪ್ರಶ್ನೆ. ಕ್ಯಾಂಪಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಮತ್ತು ವಿದ್ಯಾರ್ಥಿನಿಯರು ದಿನವೂ ಎದುರಿಸುವ ಅವಮಾನವನ್ನು ಅವರದೇ ಮಾತುಗಳಲ್ಲಿ ಅಲ್ಲಿ ಹೇಳಿಸಲಾಗಿತ್ತು. ಆ ನೋವು ನಿಜವಾದದ್ದು, ಅದನ್ನು ಕೇಳಿಸಿಕೊಂಡ ಅಧ್ಯಾಪಕರ ಕಾಳಜಿಯೂ ನಿಜವಾದದ್ದೇ. ಆದರೆ ಜಾಹೀರಾತು ತೀರ್ಪಿಗೆ ಕಾಯದೆ ದನಿಯೆತ್ತಿದ ಪ್ರತಿಭಟನಕಾರರಿಗೆ ಕೃತಜ್ಞತೆಯನ್ನೂ ಹೇಳಿತು. ಆ ಪ್ರತಿಭಟನಕಾರರಲ್ಲಿ ಪೋಸ್ಟರ್ ಹಂಚಿದವರೂ ಇದ್ದರು. ತನ್ನ ತರಗತಿಯಲ್ಲಿ ಕೂರುವ ಹುಡುಗನ ಮುಖ ಆ ಪೋಸ್ಟರ್ ಮೇಲಿದ್ದಾಗ ಅದನ್ನು ಹಂಚಿದವರಿಗೆ ಮೇಷ್ಟ್ರು ವಂದನೆ ಹೇಳುವುದು ಭಾರವಾದ ಮಾತು. ಸಹಿ ಹಾಕಿದವರು ತಾವು ಯಾರನ್ನೂ ಅಪರಾಧಿಗಳೆಂದು ಕರೆದಿಲ್ಲ ಎಂದು ಮುಂದೆ ವಿವರಣೆ ಕೊಟ್ಟರು. 2007ರ ಜನವರಿಯಲ್ಲಿ ಹೊರಬಂದ ಇನ್ನೊಂದು ಬಹಿರಂಗ ಪತ್ರದಲ್ಲಿ ಆ ಜಾಹೀರಾತನ್ನು ಹಿಂತೆಗೆದುಕೊಳ್ಳಲು ಒಪ್ಪಲಿಲ್ಲ.

ಏಪ್ರಿಲ್‌ನ ಜಾಹೀರಾತಿಗೂ ಮೊದಲು ತಂಡವನ್ನು ತೀವ್ರವಾಗಿ ಖಂಡಿಸಿ ಇಂಗ್ಲಿಷ್ ಪ್ರಾಧ್ಯಾಪಕ ಹ್ಯೂಸ್ಟನ್ ಬೇಕರ್ ಪತ್ರ ಬರೆದಿದ್ದರು. ವಿಚಾರಣೆಗೆ ಮುನ್ನವೇ ತೀರ್ಪು ಕೊಡುವ ಈ ಧಾಟಿಯನ್ನು ಆಕ್ಷೇಪಿಸಿ ಶೈಕ್ಷಣಿಕ ಆಡಳಿತದ ಮುಖ್ಯಸ್ಥರಾದ ಪ್ರೊವೋಸ್ಟ್ ಪೀಟರ್ ಲ್ಯಾಂಗೆ ಅವರಿಗೆ ಬಹಿರಂಗ ಉತ್ತರ ಕೊಟ್ಟರು. ಆಡಳಿತದ ಕಡೆಯಿಂದ ಆ ದಿನಗಳಲ್ಲಿ ಬಂದ ನೇರ ಮಾತು ಎಂದರೆ ಹೆಚ್ಚುಕಡಿಮೆ ಇದೊಂದೇ.

ಜೇಮ್ಸ್ ಕೋಲ್ಮನ್

ತಂಡದ ನಡತೆಯನ್ನು ಪರಿಶೀಲಿಸಲು ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಬ್ರಾಡ್‌ಹೆಡ್ ನೇಮಿಸಿದ ಸಮಿತಿಗೆ ಕಾನೂನು ಶಾಲೆಯ ಜೇಮ್ಸ್ ಕೋಲ್ಮನ್ ಅಧ್ಯಕ್ಷರಾದರು. ಕೋಲ್ಮನ್ ಕಪ್ಪು ಜನಾಂಗದವರು. ಮರಣದಂಡನೆಗೆ ಗುರಿಯಾದವರ ಪರ ವಾದಿಸಿ ಅನುಭವವಿದ್ದವರು. ಸರಣಿ ಕೊಲೆಗಾರ ಟೆಡ್ ಬಂಡಿಯ ಕೊನೆಯ ಮೇಲ್ಮನವಿಗಳನ್ನು ನಡೆಸಿದ ವಕೀಲರಲ್ಲಿ ಒಬ್ಬರು. ತಪ್ಪಾಗಿ ಶಿಕ್ಷೆಗೊಳಗಾದ ಕೈದಿಗಳ ಪರ ಡ್ಯೂಕ್‌ನಲ್ಲಿ ಕಾನೂನು ನೆರವಿನ ಕೆಲಸ ಕಟ್ಟಿದವರಲ್ಲೂ ಅವರು ಪ್ರಮುಖರು. ಶ್ರೀಮಂತ ಬಿಳಿ ಹುಡುಗರ ಪಕ್ಷಪಾತಿ ಎಂದು ಯಾರೂ ಅವರ ಮೇಲೆ ಬೆರಳು ತೋರಿಸುವಂತಿರಲಿಲ್ಲ.

2006ರ ಮೇ 1ರಂದು ಹೊರಬಂದ ಸಮಿತಿಯ ವರದಿ ಆಟಗಾರರನ್ನು ಹೊಗಳಿಲ್ಲ. ಕುಡಿತ, ಗದ್ದಲ, ಬೇಜವಾಬ್ದಾರಿಯ ದೂರುಗಳ ಉದ್ದ ಪಟ್ಟಿಯನ್ನೇ ಕೊಟ್ಟಿತು, ಇದನ್ನು ತಿದ್ದದೆ ಬಿಟ್ಟ ಆಡಳಿತವನ್ನೂ ಟೀಕಿಸಿತು. ಜೊತೆಗೆ ಈ ಹುಡುಗರು ಓದಿನಲ್ಲಿ ಹಿಂದುಳಿದವರಲ್ಲ, ಜನಾಂಗದ್ವೇಷದಿಂದಲೋ ಸ್ತ್ರೀದ್ವೇಷದಿಂದಲೋ ನಡೆದುಕೊಂಡ ದಾಖಲೆಯೂ ಇವರ ಮೇಲಿಲ್ಲ ಎಂದಿತು. ಆರೋಪ ಬಂದ ಕೂಡಲೇ ಪತ್ರಿಕೆಗಳು ಚಿತ್ರಿಸಿದ ರಾಕ್ಷಸರೂ ಈ ವರದಿಯಲ್ಲಿರಲಿಲ್ಲ, ಅಪ್ಪಅಮ್ಮಂದಿರು ವರ್ಣಿಸಿದ ಮುಗ್ಧರೂ ಇರಲಿಲ್ಲ. ಇಡೀ ಪ್ರಕರಣದಲ್ಲಿ ಅಧ್ಯಾಪಕರ ಕೈಯಿಂದ ಬಂದ ಅತ್ಯುತ್ತಮ ದಾಖಲೆ ಎಂದರೆ ಇದೇ. ವಿದ್ಯಾರ್ಥಿಯ ನಡತೆಯನ್ನು ಖಂಡಿಸುತ್ತಲೇ ಅವನ ಹಕ್ಕನ್ನು ಕಾಯಬಹುದು ಎಂಬುದಕ್ಕೆ ಅದು ಸಾಕ್ಷಿ.

ಜೂನ್‌ನಲ್ಲಿ ಕೋಲ್ಮನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ರಾಜಧಾನಿ ರಾಲಿಯ ‘ನ್ಯೂಸ್ ಅಂಡ್ ಅಬ್ಸರ್ವರ್’ ಪತ್ರಿಕೆಗೆ ಪತ್ರ ಬರೆದು, ನೈಫಾಂಗ್ ಪ್ರಕರಣದಿಂದ ಹಿಂದೆ ಸರಿಯಬೇಕು, ಬೇರೆ ಅಭಿಯೋಜಕರು ಬರಬೇಕು ಎಂದು ಒತ್ತಾಯಿಸಿದರು. ಅವರ ಮುಖ್ಯ ಆಕ್ಷೇಪಣೆ ಏಪ್ರಿಲ್ 4ರಂದು ನಡೆದ ಗುರುತು ಪತ್ತೆಯ ಬಗ್ಗೆ. ಸಂಶಯಿತರ ಫೋಟೋಗಳ ನಡುವೆ ಪ್ರಕರಣಕ್ಕೆ ಸಂಬಂಧವೇ ಇಲ್ಲದವರ ಫೋಟೋಗಳನ್ನು ಬೆರೆಸಿಟ್ಟು ತೋರಿಸಬೇಕಾದದ್ದು ಕ್ರಮ. ಸಾಕ್ಷಿ ತಪ್ಪು ಮಾಡಿದರೆ ಅದು ಅಲ್ಲೇ ಗೊತ್ತಾಗಲಿ ಎಂಬುದು ಅದರ ಉದ್ದೇಶ. ಡರ್ಹಮ್ ಪೊಲೀಸರು ತೋರಿಸಿದ್ದು ತಂಡದ ಆಟಗಾರರ ಫೋಟೋಗಳನ್ನು ಮಾತ್ರ. ಯಾರನ್ನು ತೋರಿಸಿದರೂ ಒಬ್ಬ ಆರೋಪಿ ಸಿಗುತ್ತಿದ್ದ. ತಪ್ಪು ಉತ್ತರವೇ ಇಲ್ಲದ ಪರೀಕ್ಷೆ ಅದು. ಕಣ್ಸಾಕ್ಷಿಯ ತಪ್ಪಿನಿಂದ ಜೈಲು ಸೇರಿದವರ ಕಡತಗಳನ್ನು ದಿನವೂ ಓದುತ್ತಿದ್ದ ಕೋಲ್ಮನ್‌ಗೆ ಈ ಲೋಪದ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಅಕ್ಟೋಬರ್‌ನಲ್ಲಿ ಸಿಬಿಎಸ್ ವಾಹಿನಿಯ ‘ಸಿಕ್ಸ್ಟಿ ಮಿನಿಟ್ಸ್’ ಕಾರ್ಯಕ್ರಮದಲ್ಲಿ ಅವರು ಅದನ್ನೇ ಇಡೀ ದೇಶದ ಮುಂದೆ ಹೇಳಿದರು.

ಅವರ ಕಾಳಜಿ ಮೂವರು ಹುಡುಗರಿಗೆ ಸೀಮಿತವಾಗಿರಲಿಲ್ಲ. ಅಭಿಯೋಜಕನ ಕೈಯಲ್ಲಿರುವ ಅಧಿಕಾರಕ್ಕೆ ಲಗಾಮು ಇಲ್ಲದಿದ್ದರೆ ಹೆಚ್ಚು ಪೆಟ್ಟು ಬೀಳುವುದು ವಕೀಲರಿಗೆ ದುಡ್ಡಿಲ್ಲದವರ ಮೇಲೆ. ಡ್ಯೂಕ್‌ನ ಮೂರು ಕುಟುಂಬಗಳಿಗೆ ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿತ್ತು. ಒಬ್ಬ ಆರೋಪಿಯ ವಕೀಲರು, ಆ ಹೊತ್ತಿನಲ್ಲಿ ಅವನು ಬೇರೆಡೆ ಇದ್ದನೆಂದು ತೋರಿಸಲು, ಎಟಿಎಂ ದಾಖಲೆ, ಟ್ಯಾಕ್ಸಿ ಚಾಲಕನ ಸಾಕ್ಷ್ಯ, ಹಾಸ್ಟೆಲ್ ಬಾಗಿಲಲ್ಲಿ ಉಜ್ಜಿದ ಗುರುತಿನ ಚೀಟಿಯ ಸಮಯ ಇಷ್ಟನ್ನೂ ಒಟ್ಟುಗೂಡಿಸಿದರು.

ತಡವಾಗಿ ಬಂದ ದನಿಗಳು

ಅಧ್ಯಾಪಕರಲ್ಲಿ ಹೆಚ್ಚಿನವರು ಯಾವ ಕಡೆಗೂ ಸಹಿ ಹಾಕದೆ ಸುಮ್ಮನಿದ್ದರು. ರಸಾಯನಶಾಸ್ತ್ರದ ಪ್ರಾಧ್ಯಾಪಕ ಸ್ಟೀವನ್ ಬಾಲ್ಡ್‌ವಿನ್ 2006ರ ಅಕ್ಟೋಬರ್‌ನಲ್ಲಿ ‘ದಿ ಕ್ರಾನಿಕಲ್’ನಲ್ಲಿ ಲೇಖನ ಬರೆದು ಆಡಳಿತವನ್ನೂ, ವಿದ್ಯಾರ್ಥಿಗಳ ವಿರುದ್ಧ ಬರೆದ ಸಹೋದ್ಯೋಗಿಗಳನ್ನೂ ಕಟುವಾಗಿ ಟೀಕಿಸಿದರು. ಅವರು ಬಳಸಿದ ಬಿರುಸು ಮಾತುಗಳಿಗೆ ಸಹೋದ್ಯೋಗಿಗಳಿಂದ ಪ್ರತಿಟೀಕೆಯೂ ಬಂತು. ಎಂಜಿನಿಯರಿಂಗ್ ವಿಭಾಗದ ಮೈಕಲ್ ಗುಸ್ಟಾಫ್ಸನ್ ಕೂಡ ಆಟಗಾರರಿಗೆ ನ್ಯಾಯ ಸಿಗಬೇಕೆಂದು ಬಹಿರಂಗವಾಗಿ ಬರೆದರು. ಡ್ಯೂಕ್‌ನ ಹೊರಗೆ, ನ್ಯೂಯಾರ್ಕ್‌ನ ಬ್ರೂಕ್ಲಿನ್ ಕಾಲೇಜಿನ ಇತಿಹಾಸ ಪ್ರಾಧ್ಯಾಪಕ ಕೆ.ಸಿ. ಜಾನ್ಸನ್ ಪ್ರಕರಣದ ಒಂದೊಂದು ಕಾಗದವನ್ನೂ ಹಿಂಬಾಲಿಸಿ, ಪತ್ರಕರ್ತ ಸ್ಟೂವರ್ಟ್ ಟೇಲರ್ ಜೊತೆಗೂಡಿ 2007ರಲ್ಲಿ ಪುಸ್ತಕ ಪ್ರಕಟಿಸಿದರು.

2006ರ ಡಿಸೆಂಬರ್ 15ರ ವಿಚಾರಣೆಯಲ್ಲಿ ಪ್ರಕರಣ ಕುಸಿಯಿತು. ದೂರುದಾರಳ ಮಾದರಿಗಳಲ್ಲಿ ತಂಡಕ್ಕೆ ಸೇರದ ಬೇರೆ ಗಂಡಸರ ಡಿಎನ್‌ಎ ಸಿಕ್ಕಿತ್ತು; ಅದನ್ನು ವರದಿಯಲ್ಲಿ ಸೇರಿಸದಿರಲು ತಾವೂ ನೈಫಾಂಗ್ ಅವರೂ ಒಪ್ಪಿಕೊಂಡಿದ್ದಾಗಿ ಖಾಸಗಿ ಪ್ರಯೋಗಾಲಯದ ಮುಖ್ಯಸ್ಥ ಬ್ರಯಾನ್ ಮೀಹನ್ ಸಾಕ್ಷಿಕಟ್ಟೆಯಲ್ಲಿ ನುಡಿದರು. ಅಭಿಯೋಜಕರು ತಮ್ಮ ಕಡತವನ್ನು ಆರೋಪಿಯ ವಕೀಲರಿಗೆ ತೆರೆದಿಡಬೇಕೆಂಬ ಕಾನೂನು ನಾರ್ತ್ ಕ್ಯಾರೊಲೈನಾದಲ್ಲಿ ಸ್ವಲ್ಪ ಹಿಂದಷ್ಟೇ ಬಂದಿತ್ತು. ಅದಿಲ್ಲದಿದ್ದರೆ ಸುಮಾರು 2000 ಪುಟಗಳ ಪ್ರಯೋಗಾಲಯದ ದಾಖಲೆ ಆರೋಪಿಗಳ ಪರ ವಕೀಲ ಬ್ರ್ಯಾಡ್ ಬ್ಯಾನನ್ ಅವರ ಮೇಜಿಗೆ ಬರುತ್ತಿರಲಿಲ್ಲ. ವಾರದೊಳಗೆ ಅತ್ಯಾಚಾರದ ಆರೋಪವನ್ನು ಕೈಬಿಡಲಾಯಿತು, ಉಳಿದ ಆರೋಪಗಳು ಹಾಗೇ ನಿಂತವು.

ಇದರ ಬೆನ್ನಿಗೇ, 2007ರ ಜನವರಿಯಲ್ಲಿ, ಅರ್ಥಶಾಸ್ತ್ರ ವಿಭಾಗದ 17 ಪ್ರಾಧ್ಯಾಪಕರ ಪತ್ರ ಹೊರಬಂತು. ಏಪ್ರಿಲ್‌ನ ಜಾಹೀರಾತಿನಿಂದಾಗಿ ಡ್ಯೂಕ್‌ನ ಅಧ್ಯಾಪಕರು ತಮ್ಮದೇ ವಿದ್ಯಾರ್ಥಿಗಳ ಬಗ್ಗೆ ಪೂರ್ವಗ್ರಹವುಳ್ಳವರು ಎಂಬ ಭಾವನೆ ಬೆಳೆದದ್ದಕ್ಕೆ ವಿಷಾದ ಸೂಚಿಸಿ, ಅಭಿಯೋಜಕರ ನಡವಳಿಕೆಯ ತನಿಖೆಯಾಗಲಿ ಎಂದರು. ಆಟಗಾರರೂ ಸೇರಿ ಎಲ್ಲ ವಿದ್ಯಾರ್ಥಿಗಳಿಗೂ ತಮ್ಮ ತರಗತಿಗಳಿಗೆ ಸ್ವಾಗತವಿದೆ ಎಂಬ ಒಂದು ಸಾಲನ್ನೂ ಸೇರಿಸಿದರು. ತರಗತಿಗೆ ಸ್ವಾಗತ ಎಂದು ಮೇಷ್ಟ್ರು ಬರೆದುಕೊಡಬೇಕಾಗಿ ಬಂದದ್ದರಲ್ಲೇ ಆ ಒಂಬತ್ತು ತಿಂಗಳ ವಾತಾವರಣ ಕಾಣುತ್ತದೆ. ತಂಡದ ಸದಸ್ಯನೆಂಬ ಕಾರಣಕ್ಕೇ ತನ್ನನ್ನು ನಪಾಸು ಮಾಡಲಾಯಿತೆಂದು ಒಬ್ಬ ಆಟಗಾರ ದಾವೆ ಹೂಡಿದ್ದ. ವಿಶ್ವವಿದ್ಯಾಲಯ 2007ರಲ್ಲಿ ರಾಜಿ ಮಾಡಿಕೊಂಡಿತು.

ಕಾನೂನಿನ ಮಿತಿ

ಸರ್ಕಾರಿ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯನ್ನು ಹೊರಹಾಕುವ ಮೊದಲು ನೋಟಿಸು ಕೊಟ್ಟು ಅಹವಾಲು ಕೇಳಬೇಕೆಂಬ ನಿಯಮ ಅಮೆರಿಕದಲ್ಲಿ ನೆಲೆಯೂರಿದ್ದು 1961ರ ಡಿಕ್ಸನ್ ಪ್ರಕರಣದಿಂದ. ಆ ಮೊಕದ್ದಮೆ ಹೂಡಿದವರು ಅಲಬಾಮಾ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು. ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕುಳಿತು ಸತ್ಯಾಗ್ರಹ ಮಾಡಿದ ಮೇಲೆ ವಿಚಾರಣೆಯಿಲ್ಲದೆ ಅವರನ್ನು ಹೊರಹಾಕಲಾಗಿತ್ತು. ನಮ್ಮ ನ್ಯಾಯಾಲಯಗಳು ಸಹಜ ನ್ಯಾಯ ಎಂದು ಕರೆಯುವ ತತ್ವವೇ ಇದು, ನಾಗರಿಕ ಹಕ್ಕುಗಳ ಹೋರಾಟದಿಂದಲೇ ವಿದ್ಯಾರ್ಥಿಗಳ ಕೈಗೆ ಬಂದದ್ದು. ಡ್ಯೂಕ್ ಖಾಸಗಿ ಸಂಸ್ಥೆಯಾದ್ದರಿಂದ ಸಂವಿಧಾನದ ಈ ಕಟ್ಟು ಅದಕ್ಕೆ ನೇರವಾಗಿ ತಗಲುವುದಿಲ್ಲ. ಹೀಗಾಗಿ ಅಲ್ಲಿ ಅಧ್ಯಾಪಕರ ನೈತಿಕ ಒತ್ತಡಕ್ಕೆ ಇನ್ನೂ ಹೆಚ್ಚಿನ ಬೆಲೆಯಿತ್ತು.

ಇತರ ಸಂದರ್ಭಗಳು

2014ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ಕಾನೂನು ಶಾಲೆಯ 28 ಅಧ್ಯಾಪಕರು ‘ಬಾಸ್ಟನ್ ಗ್ಲೋಬ್’ ಪತ್ರಿಕೆಯಲ್ಲಿ ಹೇಳಿಕೆ ಪ್ರಕಟಿಸಿದರು. ವಿಶ್ವವಿದ್ಯಾಲಯದ ಹೊಸ ಲೈಂಗಿಕ ಕಿರುಕುಳ ನಿಯಮಾವಳಿಯಲ್ಲಿ ಆರೋಪಿಗೆ ತನ್ನ ವಾದ ಮಂಡಿಸಲು ಸಾಕಷ್ಟು ಅವಕಾಶವಿಲ್ಲ ಎಂಬುದು ಅವರ ತಕರಾರು. ಸಹಿ ಹಾಕಿದವರಲ್ಲಿ ಸ್ತ್ರೀವಾದಿ ಕಾನೂನು ಪಂಡಿತೆಯರೂ ಇದ್ದರು.

ಭಾರತದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾ. 2008ರ ಸೆಪ್ಟೆಂಬರ್ 19ರ ಬಾಟ್ಲಾ ಹೌಸ್ ಎನ್‌ಕೌಂಟರ್ ನಂತರ ಬಾಂಬ್ ಸ್ಫೋಟದ ಆರೋಪದಲ್ಲಿ ಬಂಧಿತರಾದ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯ ಕಾನೂನು ನೆರವು ಕೊಡುತ್ತದೆ ಎಂದು ಕುಲಪತಿ, ಇತಿಹಾಸಕಾರ ಮುಶೀರುಲ್ ಹಸನ್ ಘೋಷಿಸಿದರು. ರಾಜಕೀಯ ಪಕ್ಷಗಳಿಂದ ಕಟು ಟೀಕೆ ಬಂದರೂ ಅವರು ಹಿಂದೆ ಸರಿಯಲಿಲ್ಲ. ಅಲ್ಲಿನ ಅಧ್ಯಾಪಕರು ಕಟ್ಟಿದ ಸಂಘಟನೆ 2012ರಲ್ಲಿ ಒಂದು ವರದಿ ಹೊರತಂದಿತು. ದೆಹಲಿ ಪೊಲೀಸರ ವಿಶೇಷ ದಳ ಹಿಡಿದವರನ್ನು ನ್ಯಾಯಾಲಯಗಳು ಬಿಡುಗಡೆ ಮಾಡಿದ 16 ಪ್ರಕರಣಗಳನ್ನು ಅದರಲ್ಲಿ ವಿವರಿಸಲಾಗಿತ್ತು. ಬಾಟ್ಲಾ ಹೌಸ್‌ನಲ್ಲಿ ಮಡಿದ ಇನ್‌ಸ್ಪೆಕ್ಟರ್ ಮೋಹನ್ ಚಂದ್ ಶರ್ಮಾ ಅವರ ಕೊಲೆಗಾಗಿ ಮುಂದೆ ಇಬ್ಬರು ಶಿಕ್ಷೆಗೊಳಗಾದರು. ಜಾಮಿಯಾದ ಅಧ್ಯಾಪಕರು ಕೇಳಿದ್ದು ಬಿಡುಗಡೆಯನ್ನಲ್ಲ, ವಕೀಲರನ್ನು ಮತ್ತು ನ್ಯಾಯವಾದ ವಿಚಾರಣೆಯನ್ನು. ಈ ತೀರ್ಪುಗಳಿಂದ ಆ ಬೇಡಿಕೆಯ ತೂಕ ಕಡಿಮೆಯಾಗುವುದಿಲ್ಲ.

ಪರಿಣಾಮ

ನೈಫಾಂಗ್ ಹಿಂದೆ ಸರಿದ ಮೇಲೆ ಪ್ರಕರಣ ಕೈಗೆತ್ತಿಕೊಂಡ ರಾಜ್ಯದ ಅಟಾರ್ನಿ ಜನರಲ್ ರಾಯ್ ಕೂಪರ್, 2007ರ ಏಪ್ರಿಲ್ 11ರಂದು ಎಲ್ಲ ಆರೋಪಗಳನ್ನೂ ವಜಾ ಮಾಡಿದರು. ಸಾಕ್ಷ್ಯ ಸಾಲದೆಂದು ಹೇಳಿ ನಿಲ್ಲಿಸದೆ ಮೂವರೂ ನಿರ್ದೋಷಿಗಳೆಂದೇ ಸಾರಿದರು. ದೂರುದಾರಳ ಮೇಲೆ ಮೊಕದ್ದಮೆ ಹೂಡಲಿಲ್ಲ. ತನ್ನ ಆರೋಪ ಸುಳ್ಳಾಗಿತ್ತೆಂದು ಆಕೆ 2024ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಳು. ನೈಫಾಂಗ್ 2007ರ ಜೂನ್‌ನಲ್ಲಿ ವಕೀಲಿಕೆಯ ಸನದು ಕಳೆದುಕೊಂಡು, ನ್ಯಾಯಾಲಯಕ್ಕೆ ಸುಳ್ಳು ಹೇಳಿದ ತಪ್ಪಿಗೆ ಒಂದು ದಿನ ಜೈಲಿನಲ್ಲಿದ್ದರು. ವಿಶ್ವವಿದ್ಯಾಲಯ ಮೂವರು ಆಟಗಾರರೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಷ್ಟದ ದಿನಗಳಲ್ಲಿ ಆಟಗಾರರ ಕುಟುಂಬಗಳ ಜೊತೆ ನಿಲ್ಲದಿದ್ದಕ್ಕಾಗಿ ಬ್ರಾಡ್‌ಹೆಡ್ ಅದೇ ಸೆಪ್ಟೆಂಬರ್‌ನಲ್ಲಿ ಕಾನೂನು ಶಾಲೆಯ ಸಭೆಯೊಂದರಲ್ಲಿ ಕ್ಷಮೆ ಕೇಳಿದರು.

ಗುರುತು ಪತ್ತೆ ಹೇಗೆ ನಡೆಯಬೇಕೆಂಬುದನ್ನು ನಾರ್ತ್ ಕ್ಯಾರೊಲೈನಾ 2007ರಲ್ಲಿ ಶಾಸನವಾಗಿಯೇ ತಂದಿತು. 2014ರಲ್ಲಿ ಡರ್ಹಮ್ ನಗರದೊಂದಿಗಿನ ಮೊಕದ್ದಮೆ ಇತ್ಯರ್ಥವಾದಾಗ ಮೂವರು ಆಟಗಾರರು ತಮಗೆ ಹಣ ಪಡೆಯಲಿಲ್ಲ. ತಪ್ಪು ಶಿಕ್ಷೆಗಳನ್ನು ಪರಿಶೀಲಿಸುವ ರಾಜ್ಯದ ಆಯೋಗಕ್ಕೆ ನಗರ 50,000 ಡಾಲರ್ ಕೊಟ್ಟಿತು. ಕೋಲ್ಮನ್ ತಮ್ಮ ಕೈದಿಗಳ ಕಡತಗಳಿಗೆ ಮರಳಿದ್ದರು. 1995ರಲ್ಲಿ ಕೊಲೆ ಆರೋಪದಲ್ಲಿ ಶಿಕ್ಷೆಯಾಗಿದ್ದ ಗ್ರೀನ್ಸ್‌ಬರೊದ ವ್ಯಕ್ತಿಯೊಬ್ಬರು, ಡ್ಯೂಕ್‌ನ ಅಧ್ಯಾಪಕರೂ ಕಾನೂನು ವಿದ್ಯಾರ್ಥಿಗಳೂ ನಡೆಸಿದ ಪ್ರಯತ್ನದಿಂದ 2012ರಲ್ಲಿ ಬಿಡುಗಡೆಯಾದರು.