ನುಂಗಂಬಾಕ್ಕಂ: ಮಳೆ ಲೆಕ್ಕ ಉಳೀತು, ಕೆರೆ ಹೋಯ್ತು

ನವೆಂಬರ್, ಡಿಸೆಂಬರ್ ಬಂತು ಅಂದ್ರೆ ಟಿವಿಯಲ್ಲಿ ಒಂದು ಸಾಲು ಕೇಳಿಸುತ್ತೆ, ಗಮನಿಸಿರ್ತೀರಿ. "ಚೆನ್ನೈನ ನುಂಗಂಬಾಕ್ಕಂನಲ್ಲಿ ಇಷ್ಟು ಸೆಂಟಿಮೀಟರ್ ಮಳೆ, ಮೀನಂಬಾಕ್ಕಂನಲ್ಲಿ ಇಷ್ಟು." ಮೀನಂಬಾಕ್ಕಂ ಅಂದ್ರೆ ವಿಮಾನ ನಿಲ್ದಾಣ, ಸರಿ. ನುಂಗಂಬಾಕ್ಕಂ ಯಾಕೆ? ಕೋಡಂಬಾಕ್ಕಂ ಹೆಸರು ನಮ್ಮವರಿಗೆ ಚೆನ್ನಾಗಿ ಗೊತ್ತು, ಒಂದು ಕಾಲಕ್ಕೆ ಕನ್ನಡ ಸಿನಿಮಾಗಳೆಲ್ಲ ಅಲ್ಲೇ ತಯಾರಾಗ್ತಿದ್ದವು. ಅದರ ಪಕ್ಕದ ರೈಲ್ವೆ ಸ್ಟೇಷನ್ನೇ ನುಂಗಂಬಾಕ್ಕಂ. ಇವತ್ತು ಆಫೀಸು, ಕಾಲೇಜು, ಅಂಗಡಿಗಳ ಜಾಗ. ಸ್ಮಾರ್ಟ್ ಸಿಟಿ, ಸೆನ್ಸರ್, ಪ್ರವಾಹ ಮುನ್ಸೂಚನೆ ಅಂತ ನಾವು ಮಾತಾಡೋದಕ್ಕೆಲ್ಲ ಒಂದು ಹಳೇ ಕಥೆ ಇಲ್ಲಿದೆ.

1786ರಲ್ಲಿ ವಿಲಿಯಂ ಪೆಟ್ರಿ ಅನ್ನೋ ಕಂಪನಿ ಅಧಿಕಾರಿ ಎಗ್ಮೋರ್‌ನ ತನ್ನ ಮನೆಯಲ್ಲಿ ಒಂದು ಖಾಸಗಿ ವೀಕ್ಷಣಾಲಯ ಶುರು ಮಾಡಿದ. ಈಸ್ಟ್ ಇಂಡಿಯಾ ಕಂಪನಿ ಅದನ್ನ ವಹಿಸಿಕೊಂಡು, 1792ರಲ್ಲಿ ನುಂಗಂಬಾಕ್ಕಂನಲ್ಲಿ ಮದ್ರಾಸ್ ವೀಕ್ಷಣಾಲಯ ಕಟ್ಟಿಸಿತು. ಕಟ್ಟಿಸಿದವನು ಮೈಕೇಲ್ ಟಾಪಿಂಗ್, ಕಂಪನಿಯ ಖಗೋಳಜ್ಞ ಮತ್ತು ಸರ್ವೇಯರ್. ಕಂಪನಿಗೆ ವಿಜ್ಞಾನದ ಮೇಲೆ ಏಕಾಏಕಿ ಪ್ರೀತಿ ಉಕ್ಕಿ ಬಂದಿರಲಿಲ್ಲ. ಹಡಗಿಗೆ ದಾರಿ ಬೇಕಿತ್ತು, ನಕಾಶೆ ಬೇಕಿತ್ತು. ದೂರದರ್ಶಕ ಕೂರಿಸೋಕೆ ನಿಲ್ಲಿಸಿದ ಗ್ರಾನೈಟ್ ಕಂಬ ಈಗಲೂ ಅಲ್ಲಿನ ಹವಾಮಾನ ಕೇಂದ್ರದ ಆವರಣದಲ್ಲಿದೆ. ತಮಿಳು, ತೆಲುಗು ಸೇರಿ ಹಲವು ಭಾಷೆಗಳಲ್ಲಿ ಅದರ ಮೇಲೆ ಬರೆದಿದ್ದಾರೆ, ಸಾವಿರ ವರ್ಷದ ನಂತರದವರಿಗೂ ತಿಳಿಯಲಿ ಅಂತ. 1796ರಿಂದ ಅಲ್ಲಿ ಹವಾಮಾನದ ದಾಖಲೆ ಇಡೋಕೆ ಶುರು ಮಾಡಿದರು. 1899ರಲ್ಲಿ ಖಗೋಳದ ಕೆಲಸವೆಲ್ಲ ಕೊಡೈಕನಾಲ್‌ಗೆ ಹೋಯ್ತು, ಮಳೆ ಅಳೆಯೋ ಕೆಲಸ ಇಲ್ಲೇ ಉಳೀತು. ಇಷ್ಟು ಉದ್ದದ ಹವಾಮಾನ ದಾಖಲೆ ದೇಶದಲ್ಲೇ ಅಪರೂಪ. ಟಿವಿಯವರು ಆ ಹೆಸರು ಹೇಳೋದು ಇದಕ್ಕೇ.

ಅದೇ ನುಂಗಂಬಾಕ್ಕಂನಲ್ಲಿ ಒಂದು ಕೆರೆ ಇತ್ತು.

ತಮಿಳಿನಲ್ಲಿ ಕೆರೆಗೆ 'ಏರಿ' ಅಂತಾರೆ. ನಮ್ಮಲ್ಲಿ ಏರಿ ಅಂದ್ರೆ ಕೆರೆಯ ಕಟ್ಟೆ, ಅವರಿಗೆ ಇಡೀ ಕೆರೆಯೇ ಏರಿ. ನುಂಗಂಬಾಕ್ಕಂ ಕೆರೆ, ಮೈಲಾಪುರ ಕೆರೆ ಒಂದಕ್ಕೊಂದು ತಾಗಿ ಬಿಲ್ಲಿನ ಹಾಗೆ ಬಾಗಿದ್ದವು. ಬ್ರಿಟಿಷರು ಎರಡನ್ನೂ ಸೇರಿಸಿ 'ಲಾಂಗ್ ಟ್ಯಾಂಕ್' ಅಂತ ಕರೀತಿದ್ದರು, ಬೋಟ್ ಕ್ಲಬ್‌ನವರು ಅದರಲ್ಲಿ ದೋಣಿ ಪಂದ್ಯ ಆಡ್ತಿದ್ದರು. 1920ರ ದಶಕದಲ್ಲಿ ಊರು ಬೆಳೆದು ಮನೆ ಕಟ್ಟೋಕೆ ಜಾಗ ಸಾಲದೆ ಬಂದಾಗ, ಕೆರೆಯ ನೀರು ಬಸಿದು ಹೊಸ ಬಡಾವಣೆ ಮಾಡಿದರು. ಜಸ್ಟಿಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರಿಟ್ಟರು. ಅದೇ ಇವತ್ತಿನ ಟಿ. ನಗರ, ಸೀರೆಗೆ, ಚಿನ್ನಕ್ಕೆ ನಾವೆಲ್ಲ ಹೋಗೋ ಟಿ. ನಗರ. (ಆಗ ಮಂಗಳೂರು, ಬಳ್ಳಾರಿ ಕೂಡ ಇದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು.) ಉಳಿದ ಕೆರೆ ಅಂಗಳದ ಮೇಲೆ 1976ರ ಹೊತ್ತಿಗೆ ವಳ್ಳುವರ್ ಕೋಟ್ಟಂ ಎದ್ದು ನಿಂತಿತು. ಇವತ್ತು ನುಂಗಂಬಾಕ್ಕಂನಲ್ಲಿ 'ಲೇಕ್ ಏರಿಯಾ' ಇದೆ, 'ಟ್ಯಾಂಕ್ ಬಂಡ್ ರೋಡ್' ಇದೆ. ಕೆರೆ ಒಂದು ಬಿಟ್ಟು ಎಲ್ಲ ಇದೆ. ನಗಬೇಡಿ, ಧರ್ಮಾಂಬುಧಿ ಕೆರೆ ಮೇಲೆ ಬಸ್ ಸ್ಟ್ಯಾಂಡ್ ಕಟ್ಟಿದವರು ನಾವು.

ಕೆರೆಗೆ ಬರ್ತಿದ್ದ ಮಳೆನೀರು ಎಲ್ಲಿಗೆ ಹೋಗಬೇಕು? ವಳ್ಳುವರ್ ಕೋಟ್ಟಂ ಹತ್ತಿರ ಶುರುವಾಗಿ, ಟಿ. ನಗರದ ಒಳಗೆ ನುಸುಳಿ, ನಂದನಂ ಕಡೆ ಅಡ್ಯಾರ್ ನದಿ ಸೇರೋ ಮಾಂಬಲಂ ಕಾಲುವೆ ಅಂತ ಒಂದಿದೆ. ಒಂದು ಇಡೀ ಕೆರೆಯ ಕೆಲಸ ಈ ಒಂದು ಕಾಲುವೆ ಮೇಲೆ ಬಿತ್ತು. ಅಡ್ಯಾರ್ ಮುಂದೆ ಸಮುದ್ರ ಸೇರುತ್ತೆ. ನದಿ ಮುಖದಲ್ಲಿ ಮರಳು ದಿಬ್ಬ ಕಟ್ಟುತ್ತೆ, ಉಬ್ಬರ ಇದ್ದಾಗ ಸಮುದ್ರ ನೀರನ್ನ ಬೇಗ ಒಳಗೆ ಬಿಟ್ಟುಕೊಳ್ಳಲ್ಲ.

ಈಗ 2015ಕ್ಕೆ ಬನ್ನಿ. ಆ ನವೆಂಬರ್‌ನಲ್ಲಿ ನುಂಗಂಬಾಕ್ಕಂನ ಮಾಪಕ 1,000 ಮಿ.ಮೀ. ದಾಟಿತು, ಅದಕ್ಕೂ ಹೆಚ್ಚು ಸುರಿದದ್ದು 1918ರ ನವೆಂಬರ್‌ನಲ್ಲಿ. ಕೆರೆಗಳೆಲ್ಲ ತುಂಬಿ ನಿಂತಿದ್ದಾಗ ಡಿಸೆಂಬರ್ 1 ಬಂತು. ಮರುದಿನ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಯಲ್ಲಿ ನುಂಗಂಬಾಕ್ಕಂನಲ್ಲಿ 294 ಮಿ.ಮೀ., ತಾಂಬರಂನಲ್ಲಿ 490 ಮಿ.ಮೀ. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಅಂದ್ರೆ 10 ಲಕ್ಷ ಲೀಟರ್. 294 ಅಂದ್ರೆ 29 ಕೋಟಿ ಲೀಟರ್ ಮೇಲಾಯ್ತು, ಬರೀ ಒಂದು ಚದರ ಕಿಲೋಮೀಟರ್‌ಗೆ!

ನಗರದ ಪಶ್ಚಿಮಕ್ಕಿರೋ ಚೆಂಬರಂಬಾಕ್ಕಂ ಕೆರೆಯಿಂದ ಆ ದಿನ ಅಡ್ಯಾರ್‌ಗೆ ಬಿಟ್ಟ ನೀರು 29,000 ಕ್ಯೂಸೆಕ್ ಮುಟ್ಟಿತು. ಸೆಕೆಂಡಿಗೆ ಸುಮಾರು 8 ಲಕ್ಷ ಲೀಟರ್. ರಾತ್ರಿ ಕರೆಂಟ್ ಹೋಯ್ತು, ಮೊಬೈಲ್ ಟವರ್‌ಗಳು ಕೈಕೊಟ್ಟವು. ನದಿ ದಡದ ಎಷ್ಟೋ ಜನಕ್ಕೆ ನೀರು ಬರ್ತಿದೆ ಅಂತ ಗೊತ್ತಾಗಿದ್ದು ಅದು ಮನೆಯೊಳಗೆ ಬಂದ ಮೇಲೇನೇ. ಡಿಸೆಂಬರ್ 2ರಂದು 'ದಿ ಹಿಂದೂ' ಚೆನ್ನೈ ಆವೃತ್ತಿ ಅಚ್ಚಾಗಲಿಲ್ಲ, 1878ರಲ್ಲಿ ಪತ್ರಿಕೆ ಶುರುವಾದ ಮೇಲೆ ಮೊದಲ ಸಲ. ಆ ಮಳೆಗಾಲದಲ್ಲಿ ತಮಿಳುನಾಡಿನಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. 2018ರಲ್ಲಿ ವಿಧಾನಸಭೆ ಮುಂದೆ ಬಂದ ಸಿಎಜಿ ವರದಿ ಇದನ್ನ ಮನುಷ್ಯರೇ ಮಾಡಿದ ದುರಂತ ಅಂತ ಕರೆಯಿತು. ಸರ್ಕಾರದ ವಾದ ಬೇರೆ: ಅಡ್ಯಾರ್‌ಗೆ ನೀರು ಬಂದಿದ್ದು ಚೆಂಬರಂಬಾಕ್ಕಂ ಒಂದರಿಂದಲೇ ಅಲ್ಲ, ದಾರಿಯುದ್ದದ ಬೇರೆ ಕೆರೆಗಳೂ ತುಂಬಿ ಹರಿದವು ಅಂತ. ಆ ವಾದದಲ್ಲಿ ಸತ್ಯ ಇಲ್ಲ ಅಂತ ನಾನು ಹೇಳಲ್ಲ. ಆದರೆ ಈ ಕಥೆಯಲ್ಲಿ ಅಂಕಿ ಕೊರತೆ ಇರಲಿಲ್ಲ ನೋಡಿ. ಮಳೆ ಎಷ್ಟು, ಕೆರೆಯ ಮಟ್ಟ ಎಷ್ಟು, ತೂಬಿನಿಂದ ಹೊರಗೆ ಹೋಗ್ತಿರೋದು ಎಷ್ಟು, ಎಲ್ಲ ಬರೆದಿಟ್ಟಿದ್ದರು.

ಹಳೇ ಕಾಲದಲ್ಲಿ ತೂಬು ಎತ್ತೋಕೆ, ಇಳಿಸೋಕೆ ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಇದ್ದ, ತಮಿಳಿನವರು ನೀರ್‌ಕಟ್ಟಿ ಅಂತಿದ್ದರು. ಮಳೆ ಜೋರಾದ್ರೆ ಅವನು ಏರಿ ಮೇಲೆ ನಿಂತಿರ್ತಿದ್ದ; ತೂಬು ಎತ್ತಿದ್ರೆ ಯಾರ ಗದ್ದೆಗೆ ನೀರು ನುಗ್ಗುತ್ತೆ ಅಂತ ಅವನಿಗೆ ಹೆಸರು ಸಮೇತ ಗೊತ್ತಿತ್ತು. ಅಳೆಯೋನು, ತೀರ್ಮಾನ ಮಾಡೋನು, ಹೇಳೋನು, ಮೂರೂ ಒಬ್ಬನೇ. ಈಗ ಮೂರೂ ಬೇರೆ ಬೇರೆ ಇಲಾಖೆ. ನಾನು ಬರೆಯೋ ಸಾಫ್ಟ್‌ವೇರ್‌ನಲ್ಲೂ ಇದೇ ಪಾಡು. ಅಲರ್ಟ್ ಕಳಿಸೋದು ಸುಲಭ, ಒಂದು ಮಧ್ಯಾಹ್ನದ ಕೆಲಸ. ರಾತ್ರಿ ಎರಡು ಗಂಟೆಗೆ ಅದು ಯಾರ ಫೋನಿಗೆ ಬರಬೇಕು, ಆ ಮನುಷ್ಯನಿಗೆ ಏನು ಮಾಡೋ ಅಧಿಕಾರ ಇದೆ, ಇದನ್ನ ತೀರ್ಮಾನ ಮಾಡೋಕೆ ತಿಂಗಳುಗಟ್ಟಲೆ ಮೀಟಿಂಗ್.

ಸ್ಮಾರ್ಟ್ ಸಿಟಿ ಯೋಜನೆ ಶುರುವಾಗಿದ್ದೂ ಅದೇ 2015ರ ಜೂನ್‌ನಲ್ಲಿ. 2016ರ ಜನವರಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ಚೆನ್ನೈ ಇತ್ತು, ನಮ್ಮ ದಾವಣಗೆರೆ, ಬೆಳಗಾವಿಯೂ ಇದ್ದವು. ಚೆನ್ನೈ ಆರಿಸಿಕೊಂಡಿದ್ದು ಯಾವ ಜಾಗ? ಟಿ. ನಗರ. ಪಾಂಡಿ ಬಜಾರ್‌ನಲ್ಲಿ ಅಗಲವಾದ ಚಂದದ ಪಾದಚಾರಿ ದಾರಿ ಮಾಡಿ 2019ರಲ್ಲಿ ತೆರೆದರು. 2021ರ ನವೆಂಬರ್ 7ರ ಬೆಳಿಗ್ಗೆ ನುಂಗಂಬಾಕ್ಕಂ ಮಾಪಕ 20 ಸೆಂ.ಮೀ. ದಾಟಿತು, ಟಿ. ನಗರದ ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತಿತು. ಹಳೇ ಕೆರೆ ತನ್ನ ಅಂಗಳ ಹುಡುಕ್ಕೊಂಡು ಬಂದ ಹಾಗೆ. ಆಮೇಲೆ ನಿವೃತ್ತ ಐಎಎಸ್ ಅಧಿಕಾರಿ ತಿರುಪ್ಪುಗಳ್ ನೇತೃತ್ವದಲ್ಲಿ ಪ್ರವಾಹ ತಡೆಗೆ ಸಲಹಾ ಸಮಿತಿ, ಸ್ಮಾರ್ಟ್ ಸಿಟಿ ಕಾಮಗಾರಿಗಳ ತನಿಖೆಗೆ ಡೇವಿದಾರ್ ಆಯೋಗ, ಎರಡೂ ಬಂದವು.

ಹಾಗಂತ ತಂತ್ರಜ್ಞಾನವೇ ದಂಡ ಅಂತ ಅಲ್ಲ. 2015ರ ಪೆಟ್ಟಿನ ನಂತರ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಮುಂದೆ ನಿಂತು ಸಿ-ಫ್ಲೋಸ್ ಅನ್ನೋ ಕರಾವಳಿ ಪ್ರವಾಹ ಮುನ್ನೆಚ್ಚರಿಕೆ ವ್ಯವಸ್ಥೆ ಮಾಡಿಸಿತು. ಐಐಟಿ ಬಾಂಬೆ, ಐಐಟಿ ಮದ್ರಾಸ್, ಅಣ್ಣಾ ವಿಶ್ವವಿದ್ಯಾಲಯ ಸೇರಿ ಮಾಡಿದ್ದು; ಈಗ ಪಳ್ಳಿಕರಣೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಕೈಯಲ್ಲಿದೆ. (ಅಣ್ಣಾ ವಿಶ್ವವಿದ್ಯಾಲಯದ ಗಿಂಡಿ ಕಾಲೇಜಿನ ಮೂಲ 1794ರಲ್ಲಿ ಅದೇ ಟಾಪಿಂಗ್ ಶುರು ಮಾಡಿದ ಸರ್ವೇ ಶಾಲೆ. ಸುತ್ತಿ ಬಳಸಿ ಅಲ್ಲಿಗೇ ಬಂತು ನೋಡಿ.) ಇದರಲ್ಲಿ ನನಗೆ ಇಷ್ಟ ಆಗೋದು ಒಂದು ವಿಷಯ: ಮಳೆ ಒಂದನ್ನೇ ನೋಡಲ್ಲ. ಮಳೆ ಮುನ್ಸೂಚನೆ, ಕೆರೆ-ನದಿಗಳ ಹರಿವು, ಸಮುದ್ರದ ಉಬ್ಬರ ಮತ್ತು ಚಂಡಮಾರುತದ ಅಲೆ, ಎಲ್ಲ ಸೇರಿಸಿ ಯಾವ ವಾರ್ಡಿನಲ್ಲಿ ಎಷ್ಟು ನೀರು ನಿಲ್ಲಬಹುದು ಅಂತ ನಕಾಶೆ ಮೇಲೆ ತೋರಿಸುತ್ತೆ. ಕರಾವಳಿ ಊರಿಗೆ ಲೆಕ್ಕ ಹೀಗೇ ಇರಬೇಕು, ಅದು ಮಂಗಳೂರಾದರೂ ಅಷ್ಟೇ.

ಆದರೆ ನಕಾಶೆ ಕಂಟ್ರೋಲ್ ರೂಮಿನ ಪರದೆ ಮೇಲೆ ಇರುತ್ತೆ. ಅಡ್ಯಾರ್ ಸಮುದ್ರ ಸೇರೋ ಕಡೆ ಶ್ರೀನಿವಾಸಪುರಂ, ಊರೂರ್ ಕುಪ್ಪಂ ಇವೆ. ಕುಪ್ಪಂ ಅಂದ್ರೆ ಮೀನುಗಾರರ ಕೇರಿ. ಮೇಲಿಂದ ನದಿ, ಎದುರಿನಿಂದ ಸಮುದ್ರ, ಎರಡೂ ಒಟ್ಟಿಗೆ ಬರೋ ಜಾಗ. 2015ರಲ್ಲಿ ನಗರದ ಒಳಗೆ ಸಿಕ್ಕಿಕೊಂಡವರನ್ನ ದೋಣಿ ತಂದು ಎತ್ತಿದವರಲ್ಲಿ ಮೀನುಗಾರರೇ ಬಹಳ ಜನ. ಆ ಪರದೆ ಮೇಲಿನ ಮಾತು ಅವರ ಕೇರಿಗೆ ಹೇಗೆ ತಲುಪಬೇಕು?

ಇದಕ್ಕೆ ನನಗೆ ಗೊತ್ತಿರೋ ಅತ್ಯುತ್ತಮ ಉತ್ತರ ಚೆನ್ನೈನ ದಕ್ಷಿಣಕ್ಕೆ, ಪುದುಚೇರಿಯಲ್ಲಿದೆ, ಅದೂ 'ಸ್ಮಾರ್ಟ್' ಅನ್ನೋ ಪದ ಇಷ್ಟು ಅಗ್ಗ ಆಗೋ ಮುಂಚಿನದು. ಚೆನ್ನೈನ ತರಮಣಿಯಲ್ಲಿರೋ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ 1998ರಿಂದ ಪುದುಚೇರಿಯ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರ ತೆರೆಯಿತು. ವೀರಾಂಪಟ್ಟಿನಂ ಅನ್ನೋ ಮೀನುಗಾರರ ಹಳ್ಳಿಯಲ್ಲಿ, ಅಮೆರಿಕದ ನೌಕಾಪಡೆಯ ವೆಬ್‌ಸೈಟಿನಿಂದ ಅಲೆಯ ಎತ್ತರದ ಮುನ್ಸೂಚನೆ ಇಳಿಸಿಕೊಂಡು, ತಮಿಳಿಗೆ ತಿರುಗಿಸಿ, ಧ್ವನಿವರ್ಧಕದಲ್ಲಿ ಕೂಗಿ ಹೇಳ್ತಿದ್ದರು. ಕಡಲಿಗೆ ಹೋಗೋನಿಗೆ ಓದು ಬರಬೇಕು ಅಂತಿಲ್ಲ, ಕೈಯಲ್ಲಿ ಫೋನ್ ಇರಬೇಕು ಅಂತಿಲ್ಲ, ಕಿವಿ ಕೇಳಿಸಿದ್ರೆ ಸಾಕು. 2023ರಲ್ಲಿ ನಮ್ಮೆಲ್ಲರ ಮೊಬೈಲ್ ಒಟ್ಟಿಗೆ ಕಿರುಚಿದ್ದು ನೆನಪಿದೆಯಾ, ಸರ್ಕಾರದ ಎಚ್ಚರಿಕೆ ಪರೀಕ್ಷೆ? ಅದೂ ಅದೇ ಉಪಾಯ, ಟವರ್ ಮೇಲೆ ಕಟ್ಟಿದ ಧ್ವನಿವರ್ಧಕ. ಟವರ್ ನಿಂತಿರಬೇಕು, ಅಷ್ಟೇ.

ಅಂಥದ್ದೇ ಇನ್ನೊಂದು ಕೇಂದ್ರ ನಲ್ಲವಾಡು ಅನ್ನೋ ಹಳ್ಳಿಯಲ್ಲಿತ್ತು. 2004ರ ಡಿಸೆಂಬರ್ 26ರ ಬೆಳಿಗ್ಗೆ, ಭಾನುವಾರ. ಆ ಊರಿನವರೊಬ್ಬರು ಸಿಂಗಪುರದಲ್ಲಿ ಕೆಲಸಕ್ಕಿದ್ದರು. ಸುನಾಮಿ ಸುದ್ದಿ ನೋಡಿ ಮನೆಗೆ ಫೋನ್ ಮಾಡಿದರು. ಆಗಲೇ ನೀರು ಹತ್ತಿರ ಬರ್ತಾ ಇತ್ತು. ಊರಿನವರು ಮಾಹಿತಿ ಕೇಂದ್ರಕ್ಕೆ ಓಡಿದರು. ಬಾಗಿಲು ಒಡೆದು ಒಳಗೆ ನುಗ್ಗಿ, ಮೈಕ್ ಹಿಡಿದು ಎಲ್ಲರೂ ಓಡಿ ಅಂತ ಕೂಗಿದರು. ಆ ಊರಿನಲ್ಲಿ 3,600ಕ್ಕೂ ಹೆಚ್ಚು ಜನ ಇದ್ದರು.