ಡೀಸೆಲ್ ಮುಳ್ಳಿನ ಕಥೆ: ಕೋಲಿನಿಂದ ತಂತಿವರೆಗೆ

ಈ ಸಲ ಬೆಳೆ ವಿಷಯ ಬಿಟ್ಟು ಗಾಡಿ ವಿಷಯ ಬರೀತಿದ್ದೀನಿ. ನಮ್ಮ ಸುತ್ತಮುತ್ತ ಇರೋ ಹಳೇ 407, ಲಾರಿ, ಜೀಪು ಹತ್ತಿ ನೋಡಿ. ಒಂದರಲ್ಲಿ ಡೀಸೆಲ್ ಮುಳ್ಳು ಯಾವಾಗಲೂ ಫುಲ್‌ನಲ್ಲೇ ನಿಂತಿರುತ್ತೆ, ಇನ್ನೊಂದರಲ್ಲಿ ಏಳೋದೇ ಇಲ್ಲ, ಮತ್ತೊಂದರಲ್ಲಿ ಗುಂಡಿ ಬಂದಾಗಲೆಲ್ಲ ಕುಣಿಯುತ್ತೆ. "ಹಳೇ ಗಾಡಿ, ಅದು ಹಂಗೇ" ಅಂತ ಬಿಟ್ಟುಬಿಡ್ತೀವಿ. ಆದರೆ ಟೊಮ್ಯಾಟೊ ಕ್ರೇಟ್ ತುಂಬಿಕೊಂಡು ಬೆಳಗಿನ ಹರಾಜಿಗೆ ಹೋಗೋ ದಾರೀಲಿ ಡೀಸೆಲ್ ಮುಗಿದ್ರೆ ಕ್ಯಾನ್‌ನಲ್ಲಿ ತಂದು ಹೊಯ್ದರೂ ಗಾಡಿ ತಕ್ಷಣ ಸ್ಟಾರ್ಟ್ ಆಗಲ್ಲ. ಪೈಪಿನಲ್ಲಿ ಗಾಳಿ ಹಿಡಿದಿರುತ್ತೆ, ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪಂಪ್ ಹೊಡೆದು ಗಾಳಿ ತೆಗೀಬೇಕು. ಅಷ್ಟೊತ್ತಿಗೆ ಹರಾಜು ಮುಗಿದಿರುತ್ತೆ.

ಈ ಮುಳ್ಳು ಯಾಕೆ ಇಷ್ಟು ಸುಳ್ಳು ಹೇಳುತ್ತೆ ಅಂತ ತಿಳೀಬೇಕಾದ್ರೆ ಅದು ಎಲ್ಲಿಂದ ಬಂತು ಅಂತ ನೋಡಬೇಕು.

ಮೊದಲಿಗೆ ಮುಳ್ಳೇ ಇರಲಿಲ್ಲ. 1908ರಲ್ಲಿ ಅಮೆರಿಕದಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಅನ್ನೋ ಕಾರು ತಂದಿತು. ಅಲ್ಲಿನ ರೈತರು ಬಹಳ ಜನ ಕೊಂಡ ಗಾಡಿ ಅದು. ಪೆಟ್ರೋಲ್ ಟ್ಯಾಂಕಿ ಸೀಟಿನ ಕೆಳಗೆ. ಎಷ್ಟಿದೆ ಅಂತ ನೋಡೋಕೆ ಸೀಟು ಎತ್ತಿ, ಮುಚ್ಚಳ ತೆಗೆದು, ಗುರುತು ಹಾಕಿದ ಮರದ ಕಡ್ಡಿ ಇಳಿಸಬೇಕಿತ್ತು. ಪೆಟ್ರೋಲ್ ಎಂಜಿನ್‌ಗೆ ಇಳಿಜಾರಲ್ಲಿ ತಾನಾಗೇ ಹರಿದು ಹೋಗಬೇಕು, ಪಂಪ್ ಇರಲಿಲ್ಲ. ಹಂಗಾಗಿ ಟ್ಯಾಂಕಿಯಲ್ಲಿ ಕಮ್ಮಿ ಇದ್ದಾಗ ಕಡಿದಾದ ದಿಣ್ಣೆ ಬಂದ್ರೆ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸ್ತಿದ್ದರು. ಕಡ್ಡಿ ಮಾತ್ರ ಸುಳ್ಳು ಹೇಳ್ತಿರಲಿಲ್ಲ. ಇವತ್ತಿಗೂ ಬಂಕುಗಳಲ್ಲಿ ಭೂಮಿಯೊಳಗಿನ ಟ್ಯಾಂಕಿಗೆ ಉದ್ದನೆ ಕೋಲು ಇಳಿಸಿ ಅಳತೆ ತಗೊಳ್ಳೋದನ್ನ ನೀವು ನೋಡಿರ್ತೀರಿ.

1927ರ ಕೊನೆಗೆ ಅದೇ ಕಂಪನಿಯ ಮಾಡೆಲ್ ಎ ಬಂತು. ಅದರಲ್ಲಿ ಟ್ಯಾಂಕಿಯನ್ನ ಡ್ಯಾಶ್‌ಬೋರ್ಡಿನ ಹಿಂದೆಯೇ, ಡ್ರೈವರ್ ಮುಂದೆ ಕೂರಿಸಿದರು. ಒಳಗೆ ತೇಲೋ ಒಂದು ಫ್ಲೋಟು, ಅದರ ತೋಳಿಗೆ ನೇರವಾಗಿ ಅಳತೆಯ ಅಂಕಿ ಇರೋ ಚಕ್ರ. ವೈರ್ ಇಲ್ಲ, ಕರೆಂಟ್ ಇಲ್ಲ. ಫ್ಲೋಟು ಇಳಿದಂತೆ ಅಂಕಿ ಇಳೀತಿತ್ತು.

ಆಮೇಲೆ ಗಾಡಿಗಳಲ್ಲಿ ಟ್ಯಾಂಕಿ ಹಿಂದಕ್ಕೆ, ಚಾಸಿ ಪಕ್ಕಕ್ಕೆ ಹೋಯಿತು. ಈಗ ಟ್ಯಾಂಕಿ ಒಂದು ಕಡೆ, ನೋಡೋ ಕಣ್ಣು ಇನ್ನೊಂದು ಕಡೆ. ತೊಂದರೆ ಶುರುವಾಗಿದ್ದೇ ಇಲ್ಲಿಂದ. ಕೆಲವು ಕಂಪನಿಗಳು ಟ್ಯಾಂಕಿಯಿಂದ ಡ್ಯಾಶ್‌ಬೋರ್ಡಿಗೆ ಸಣ್ಣ ಗಾಳಿ ಪೈಪ್ ಎಳೆದು, ಬಣ್ಣದ ನೀರು ಏರಿಳಿಯೋ ಹಾಗೆ ಮಾಡಿದವು. ಪೈಪಿನಲ್ಲಿ ಸ್ವಲ್ಪ ಗಾಳಿ ಸೋರಿದರೂ ಅಳತೆ ತಪ್ಪು. ಕೊನೆಗೆ ಗೆದ್ದಿದ್ದು ಕರೆಂಟಿನ ದಾರಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಆಗಲೇ ಕರೆಂಟಿನ ಮೀಟರ್ ಇತ್ತು. ಆ ಜೀಪನ್ನೇ ಮುಂದೆ ಮಹೀಂದ್ರಾದವರು ನಮ್ಮ ದೇಶದಲ್ಲಿ ಜೋಡಿಸಿ ಮಾರಿದರು. 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಟಾಟಾದವರು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡಿದರು. 1986ರಲ್ಲಿ ನಮ್ಮೆಲ್ಲರ 407 ಬಂತು.

ಕರೆಂಟಿನ ಮೀಟರ್ ಕೆಲಸ ಮಾಡೋದು ಹೀಗೆ. ಟ್ಯಾಂಕಿ ಒಳಗೆ ಫ್ಲೋಟು, ಅದಕ್ಕೊಂದು ತೋಳು. ತೋಳಿನ ಇನ್ನೊಂದು ತುದಿ ಸಣ್ಣ ತಂತಿ ಸುತ್ತಿದ ಪಟ್ಟಿ ಮೇಲೆ ಉಜ್ಜುತ್ತಾ ಹೋಗುತ್ತೆ. ಡೀಸೆಲ್ ಏರಿಳಿದಂತೆ ಕರೆಂಟಿಗೆ ಸಿಗೋ ತಡೆ ಬದಲಾಗುತ್ತೆ. ಆ ತಡೆಯನ್ನ ಓಮ್ ಲೆಕ್ಕದಲ್ಲಿ ಅಳೀತಾರೆ. ಇದಕ್ಕೆ ತಕ್ಕಂತೆ ಮುಂದಿನ ಮುಳ್ಳು ಆಡುತ್ತೆ.

ಮುಳ್ಳಿನಲ್ಲಿ ಎರಡು ಜಾತಿ. ಒಂದು ಕಾಯಿಲ್‌ನದು, ಕೀ ಹಾಕಿದ ತಕ್ಷಣ ಛಂಗನೆ ಏಳುತ್ತೆ. ಇನ್ನೊಂದು ಎರಡು ಲೋಹದ ಪಟ್ಟಿ ಬಿಸಿಯಾಗಿ ಬಾಗೋದು, ನಿಧಾನಕ್ಕೆ ಏಳುತ್ತೆ. ಈ ಎರಡನೇ ಜಾತಿಗೆ ವೋಲ್ಟೇಜ್ ಏರುಪೇರಾದ್ರೆ ಆಗಲ್ಲ ಅಂತ ಒಂದು ಪುಟ್ಟ ವೋಲ್ಟೇಜ್ ಸ್ಟೆಬಿಲೈಸರ್ ಇಟ್ಟಿರ್ತಾರೆ. ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ತಪ್ಪು ತೋರಿಸಿದ್ರೆ ಟ್ಯಾಂಕಿಗೆ ಕೈ ಹಾಕೋ ಮುಂಚೆ ಅದನ್ನೇ ನೋಡಿ.

ಈಗ ಮುಖ್ಯ ವಿಷಯ. ಪ್ರಪಂಚದ ಕಂಪನಿಗಳೆಲ್ಲ ಒಂದೇ ಅಳತೆ ಇಟ್ಟುಕೊಳ್ಳಲಿಲ್ಲ. ಅಮೆರಿಕದ ಹಳೇ ಫೋರ್ಡ್ ಗಾಡಿಗಳಲ್ಲಿ ಖಾಲಿಗೆ 73 ಓಮ್, ಫುಲ್‌ಗೆ 10 ಓಮ್. ಜನರಲ್ ಮೋಟಾರ್ಸ್‌ನವರದು ಉಲ್ಟಾ, ಖಾಲಿಗೆ 0, ಫುಲ್‌ಗೆ 90. ಜರ್ಮನಿಯ ವಿಡಿಒ ಮೀಟರುಗಳಲ್ಲಿ ಖಾಲಿಗೆ 10, ಫುಲ್‌ಗೆ 180. ಹಂಗಾಗಿ ಗುಜರಿಯಲ್ಲಿ ಸಿಕ್ಕಿದ ಫ್ಲೋಟು ತಂದು ಹಾಕಿದ್ರೆ ತೂತಿಗೆ ಸರಿಯಾಗಿ ಕೂತರೂ ಮುಳ್ಳು ಸರಿ ತೋರಿಸಲ್ಲ. ದೊಡ್ಡ ಲಾರಿಯ 24 ವೋಲ್ಟಿನ ಮೀಟರ್ ತಂದು 12 ವೋಲ್ಟಿನ ಗಾಡಿಗೆ ಹಾಕಿದರೂ ಅದೇ ಪಾಡು. ಮೀಟರು, ಫ್ಲೋಟು ಎರಡೂ ಒಂದೇ ಜೋಡಿ ಇರಬೇಕು.

ರಿಪೇರಿಗೆ ಮುಂಚೆ ತೊಂದರೆ ಎಲ್ಲಿದೆ ಅಂತ ಹುಡುಕೋ ಕ್ರಮ ಇದು:

1. ಡೀಸೆಲ್ ಗಾಡಿಯಲ್ಲಿ ಕೀ ಆನ್ ಮಾಡಿ, ಟ್ಯಾಂಕಿ ಮೇಲಿರೋ ಫ್ಲೋಟಿನ ವೈರ್ ಕಳಚಿ. ಮುಳ್ಳು ಒಂದು ತುದಿಗೆ ಹೋಗಬೇಕು. ಆ ವೈರನ್ನ ಎರಡು ಮೂರು ಸೆಕೆಂಡ್ ಮಾತ್ರ ಚಾಸಿಗೆ ಮುಟ್ಟಿಸಿ. ಮುಳ್ಳು ಇನ್ನೊಂದು ತುದಿ ಕಡೆ ಹೊರಡಬೇಕು. ಹೊರಟ್ರೆ ಮೀಟರು, ವೈರು ಸರಿ ಇವೆ, ತೊಂದರೆ ಟ್ಯಾಂಕಿ ಕಡೆ. ಹೊರಡದಿದ್ರೆ ಫ್ಯೂಸು, ವೈರು, ಮೀಟರು ನೋಡಿ. ಪೆಟ್ರೋಲ್ ಗಾಡಿಯಲ್ಲಿ ಟ್ಯಾಂಕಿ ಹತ್ತಿರ ಈ ಪರೀಕ್ಷೆ ಬೇಡ, ಕಿಡಿ ಹಾರುತ್ತೆ.

2. ಟ್ಯಾಂಕಿಯ ಅರ್ಥ್ ನೋಡಿ. ಟ್ಯಾಂಕಿ ರಬ್ಬರ್ ಪಟ್ಟಿ ಮೇಲೆ ಕೂತಿರುತ್ತೆ, ಸುತ್ತ ತುಕ್ಕು, ಬಣ್ಣ. ಫ್ಲೋಟಿನ ಸ್ಕ್ರೂಗೆ ಒಂದು ವೈರ್ ಕಟ್ಟಿ, ಚಾಸಿಯನ್ನ ಹೊಳೆಯೋ ತನಕ ಕೆರೆದು ಬಿಗಿ ಮಾಡಿ. ಎಷ್ಟೋ ಗಾಡಿ ಇಷ್ಟರಲ್ಲೇ ಸರಿಯಾಗುತ್ತೆ.

3. ಆಗಲಿಲ್ಲ ಅಂದ್ರೆ ಬ್ಯಾಟರಿ ವೈರ್ ಬಿಚ್ಚಿ, ಬೀಡಿ ಬೆಂಕಿ ದೂರ ಇಟ್ಟು, ಫ್ಲೋಟು ಹೊರಗೆ ತೆಗೀರಿ. ಮಲ್ಟಿಮೀಟರ್ ಹಚ್ಚಿ ತೋಳನ್ನ ನಿಧಾನಕ್ಕೆ ಎತ್ತಿ ಇಳಿಸಿ. ಅಂಕಿ ಸರಾಗವಾಗಿ ಬದಲಾಗಬೇಕು. ನಡುವೆ ಎಲ್ಲಾದರೂ ಹಾರಿದ್ರೆ ಅಲ್ಲಿ ತಂತಿ ಸವೆದಿದೆ ಅಂತ ಅರ್ಥ.

4. ಫ್ಲೋಟನ್ನ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕೋ ಶಬ್ದ ಬಂದ್ರೆ ತೂತು ಬಿದ್ದು ಡೀಸೆಲ್ ತುಂಬಿದೆ. ಬೆಸುಗೆ ಹಾಕೋಕೆ ಹೋಗಬೇಡಿ, ಹೊಸದು ಹಾಕಿ.

ಈ ನಾಲ್ಕನೇ ಮಾತಿನ ಹಿಂದೆ ಒಂದು ಘಟನೆ ಇದೆ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಊರಿನ ಒಬ್ಬರ ಗಾಡಿಯಲ್ಲಿ ಒಬ್ಬ ಹುಡುಗ ಡ್ರೈವರ್ ಆಗಿದ್ದ. 30 ಲೀಟರ್ ಬಿಲ್ ತರ್ತಿದ್ದ, ಆದ್ರೆ ಮುಳ್ಳು ಅಷ್ಟು ಏರ್ತಿರಲಿಲ್ಲ. "ಅರ್ಧ ಡೀಸೆಲ್ ಮಾರ್ಕೊಂಡು ಬರ್ತಾನೆ" ಅಂತ ಮಾತು ಎದ್ದಿತು. ಟೀ ಅಂಗಡಿವರೆಗೂ ಹೋಯಿತು. ಹುಡುಗ ಕೀ ಕೊಟ್ಟು ಕೆಲಸ ಬಿಟ್ಟ. ಆಮೇಲೆ ಯಜಮಾನರು ತಾವೇ ಹೋಗಿ ಕಣ್ಣೆದುರು 30 ಲೀಟರ್ ಹಾಕಿಸಿದರೂ ಮುಳ್ಳು ಅಷ್ಟೇ. ನನ್ನನ್ನ ಕರೆದರು, ಎಲೆಕ್ಟ್ರಿಷಿಯನ್ ಜೊತೆ ಕೂತು ಬಿಚ್ಚಿದ್ವಿ. ಫ್ಲೋಟಿನ ಒಳಗೆ ಡೀಸೆಲ್ ಕುಲುಕ್ತಿತ್ತು. ಭಾರವಾಗಿ ಮುಳುಗಿದ ಫ್ಲೋಟು ಇರೋದಕ್ಕಿಂತ ಕಮ್ಮಿ ತೋರಿಸ್ತಿತ್ತು, ಅಷ್ಟೇ. ಯಜಮಾನರು ಒಳ್ಳೆ ಮನುಷ್ಯರು, ಹುಡುಗನ ಮನೆಗೆ ಹೋಗಿ ಬಾಕಿ ಸಂಬಳ ಕೊಟ್ಟು, "ತಪ್ಪಾಯ್ತಪ್ಪಾ" ಅಂದರು. ಅವನು ದುಡ್ಡು ತಗೊಂಡ, ಕೆಲಸಕ್ಕೆ ವಾಪಸ್ ಬರಲಿಲ್ಲ.

ಅದಕ್ಕೇ ಹೇಳೋದು, ಮುಳ್ಳು ನೋಡಿ ಯಾರ ಮೇಲೂ ಮಾತು ಹೊರಿಸಬೇಡಿ. ಮೀಟರ್ ಸರಿ ಇದ್ದಾಗಲೂ ಅದು ಅಂದಾಜೇ. ಟ್ಯಾಂಕಿ ಆಕಾರ ಮೇಲೆ ಕೆಳಗೆ ಒಂದೇ ಸಮ ಇರಲ್ಲ, ಹಂಗಾಗಿ ಅರ್ಧ ತೋರಿಸಿದ್ರೆ ಅರ್ಧ ಡೀಸೆಲ್ ಇದೆ ಅಂತಲ್ಲ. ಇಳಿಜಾರಲ್ಲಿ ನಿಲ್ಲಿಸಿದ್ರೂ ಲೆಕ್ಕ ಬದಲಾಗುತ್ತೆ.

ಒಂದು ಸುಲಭದ ಕೆಲಸ ಮಾಡಿ. ಟ್ಯಾಂಕಿ ಖಾಲಿ ಮಾಡೋ ದಿನ ಬಂದಾಗ ಗಾಡಿಯನ್ನ ಸಮ ನೆಲದಲ್ಲಿ ನಿಲ್ಲಿಸಿ, 5 ಲೀಟರ್ ಕ್ಯಾನಿನಲ್ಲಿ ಹೊಯ್ಯುತ್ತಾ ಹೋಗಿ. ಪ್ರತಿ ಸಲ ಒರೆಸಿದ ಬಿದಿರು ದಬ್ಬೆ ನೆಟ್ಟಗೆ ಇಳಿಸಿ, ಒದ್ದೆ ಇರೋ ಕಡೆ ಚಾಕುವಿನಲ್ಲಿ ಗೆರೆ ಹಾಕಿ. ಅದೇ ಹೊತ್ತಿಗೆ ಮುಳ್ಳು ಎಲ್ಲಿದೆ ಅಂತ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ದಬ್ಬೆ ಸೀಟಿನ ಹಿಂದೆ ಇರಲಿ. ಹರಾಜಿಗೆ ಹೊರಡೋ ಹಿಂದಿನ ರಾತ್ರಿ ಒಮ್ಮೆ ಇಳಿಸಿ ನೋಡಿದ್ರೆ ನಿಮ್ಮ ನಿದ್ದೆಗೂ, ಡ್ರೈವರ್ ಮರ್ಯಾದೆಗೂ ಒಳ್ಳೇದು.

ನಿಮ್ಮ ಗಾಡಿ ಮುಳ್ಳು ಹೇಗೆ ಆಡ್ತಿದೆ ಅಂತ ತಿಳಿಸಿ. ಯಾವ ಗಾಡಿ, ವೈರ್ ಕಳಚಿದಾಗ ಮುಳ್ಳು ಯಾವ ಕಡೆ ಹೋಯಿತು ಅಂತ ಬರೆದ್ರೆ ಬೇರೆಯವರಿಗೂ ಉಪಯೋಗ ಆಗುತ್ತೆ.