ನಲ್ಲೂರಿನ ಹುಣಸೆ ತೋಪಿಗೆ ವಯಸ್ಸೆಷ್ಟು?

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪಿನಲ್ಲಿ ಕಾಲುದಾರಿ ಹಿಡಿದು ನಡೆದರೆ ಪಾಳುಬಿದ್ದ ಚೆನ್ನಕೇಶವ ಗುಡಿ ಸಿಗುತ್ತದೆ. ಸುತ್ತ ಸುಮಾರು 54 ಎಕರೆ, ಹೆಚ್ಚುಕಮ್ಮಿ 300 ಮರ. 'ಇವು ಚೋಳರ ಕಾಲದವು' ಎನ್ನುತ್ತಾರೆ ಜನ.

ನಾವೂ ಲೆಕ್ಕ ಹಾಕಿ ನೋಡಿದೆವು. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದೇ 900 ವರ್ಷ ದಾಟಿತು. ಇಲ್ಲಿನ ಹಳೆಯ ಮರವೊಂದಕ್ಕೆ ಕಾರ್ಬನ್ ಪರೀಕ್ಷೆ ಹೇಳಿದ್ದು ಸುಮಾರು 400 ವರ್ಷ. ಅಂದರೆ ಆ ಮರ ಆವತಿ ನಾಡಪ್ರಭುಗಳ ಕಾಲದ್ದು. ಅವರ ಮನೆತನದ ಮಲ್ಲಬೈರೇಗೌಡ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ್ದು 1501ರಲ್ಲಿ. ಹಾಗಂತ ಜನರ ಮಾತನ್ನು ಸುಳ್ಳು ಎನ್ನಲು ನಾವು ತಯಾರಿಲ್ಲ. ಹುಣಸೆ ಹಳೇ ಬುಡದಿಂದಲೇ ಮತ್ತೆ ಚಿಗುರುವ ಮರ. ಕಾಂಡದ ವಯಸ್ಸೇ ಬೇರೆ, ಬೇರಿನ ವಯಸ್ಸೇ ಬೇರೆ ಇರಬಹುದಲ್ಲ?

2007ರಲ್ಲಿ ಈ ತೋಪು ಜೀವವೈವಿಧ್ಯ ಪಾರಂಪರಿಕ ತಾಣವಾಯಿತು, ಅದೂ ದೇಶದಲ್ಲೇ ಮೊದಲನೆಯದು. ಗಮನಿಸಿ, ಇದು ಅಭಯಾರಣ್ಯವಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಂ ಪ್ರಕಾರ ಸರ್ಕಾರ ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿಯೇ ಇಂಥ ತಾಣ ಘೋಷಿಸಬೇಕು. ನಿಮ್ಮೂರಲ್ಲೂ ಹಳೇ ತೋಪು, ದೇವರ ಕಾಡು ಇದ್ದರೆ ಗ್ರಾಮ ಪಂಚಾಯ್ತಿಯಲ್ಲಿ ಈ ಕಲಂ ಹೆಸರು ಹೇಳಿ ಕೇಳಿ.

ಮರುವರ್ಷ, 2008ರಲ್ಲಿ, ಇದೇ ತಾಲ್ಲೂಕಿನಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಹೊಲಗಳು ಲೇಔಟ್ ಆದವು, ಎಕರೆ ಲೆಕ್ಕ ಹೋಗಿ ಚದರಡಿ ಲೆಕ್ಕ ಬಂತು. ಘೋಷಣೆ ನಾಲ್ಕು ವರ್ಷ ತಡವಾಗಿದ್ದರೆ ಈ 54 ಎಕರೆಗೆ ಯಾರ್ಯಾರು ಬೆಲೆ ಕಟ್ಟುತ್ತಿದ್ದರೋ!